ಕತ್ತಲಲ್ಲಿ ಬಿದ್ದ ಯುವರಾಜ

ಪ್ರಶ್ನೆ: ಕಲ್ಕಿ ಅವರ ‘ಪೊನ್ನಿಯಿನ್ ಸೆಲ್ವನ್’ನ ಐದೂ ಭಾಗಗಳನ್ನು ಓದಿ ಮುಗಿಸಿದೆ. ಚೋಳ ಯುವರಾಜ ಆದಿತ್ಯ ಕರಿಕಾಲನನ್ನು ಕೊಂದವರು ಯಾರೆಂದು ಕೊನೆಗೂ ಖಚಿತವಾಗಲಿಲ್ಲ. ಇದು ಕಾದಂಬರಿಯ ದೋಷವಲ್ಲವೇ?
– ಓದುಗರೊಬ್ಬರು, ಅಣ್ಣಾ ನಗರ್, ಚೆನ್ನೈ

ಉತ್ತರ: ದೋಷವಲ್ಲ, ಆ ಕಾದಂಬರಿಯ ಜೀವಾಳವೇ ಅದು.

ಮೊದಲು ಇತಿಹಾಸ ನೋಡೋಣ. ಕಾಟ್ಟುಮನ್ನಾರ್‌ಕೋಯಿಲ್‌ನ ಉಡೈಯಾರ್‌ಗುಡಿ ಶಾಸನ ರಾಜರಾಜ ಚೋಳನ ಆಳ್ವಿಕೆಯ ಎರಡನೆಯ ವರ್ಷದ್ದು. ಸೋಮನ್, ರವಿದಾಸನ್, ಪರಮೇಶ್ವರನ್ ಎಂಬ ಸೋದರರನ್ನು ಕರಿಕಾಲನನ್ನು ಕೊಂದ ದ್ರೋಹಿಗಳೆಂದು ಹೆಸರಿಸಿ, ಅವರ ಮತ್ತು ಬಂಧುಗಳ ಆಸ್ತಿ ಮುಟ್ಟುಗೋಲಾದದ್ದನ್ನು ಅದು ಹೇಳುತ್ತದೆ. ಕುಮ್ಮಕ್ಕು ಯಾರದು, ಕತ್ತಿ ಬೀಸಿದ ಕೈ ಯಾವುದು ಎಂಬುದನ್ನು ಹೇಳುವುದಿಲ್ಲ. ಕೊಲೆಗೂ ಈ ಶಿಕ್ಷೆಗೂ ನಡುವೆ ಉತ್ತಮ ಚೋಳನ ಆಳ್ವಿಕೆಯೇ ಕಳೆದುಹೋಗಿತ್ತು. ಹಾಗಾಗಿಯೇ ಇತಿಹಾಸಕಾರ ನೀಲಕಂಠ ಶಾಸ್ತ್ರಿಗಳು ಉತ್ತಮ ಚೋಳನನ್ನೇ ಸಂಶಯಿಸಿದರು.

ಶಾಸನ ಬಿಟ್ಟ ಆ ಜಾಗವನ್ನು ಕಲ್ಕಿ ಸುಳ್ಳು ಉತ್ತರದಿಂದ ತುಂಬಲಿಲ್ಲ. ಕಡಂಬೂರಿನ ಅರಮನೆಯಲ್ಲಿ ಕರಿಕಾಲ ಸಾಯುವ ಆ ರಾತ್ರಿಯನ್ನು ಮತ್ತೊಮ್ಮೆ ಓದಿ. ಧೂಮಕೇತು ಮೊದಲಿನಿಂದಲೂ ರಾಜಮರಣದ ಭಯವನ್ನು ಜನರಲ್ಲಿ ಬಿತ್ತಿರುತ್ತದೆ. ಮೀನಿನ ಗುರುತಿನ ಪಾಂಡ್ಯ ಖಡ್ಗ ಸೇಡಿಗೆ ಕಾದಿರುವ ನಂದಿನಿಯ ಕೈಯಲ್ಲಿದೆ. ಪಾಂಡ್ಯ ದೊರೆ ವೀರಪಾಂಡ್ಯನ ತಲೆ ಕಡಿದ ಕರಿಕಾಲನ ಪಾಲಿಗೆ ಅದು ತೀರಿಸಬೇಕಾದ ಹಳೆಯ ಸಾಲ. ಅಷ್ಟರಲ್ಲಿ ದೀಪ ಆರುತ್ತದೆ. ಕರಿಕಾಲನ ನಂಬಿಕೆಯ ದೂತ ವಂದಿಯತ್ತೇವನಿಗೆ ಏನೂ ಕಾಣದು, ಅವನ ಜೊತೆಗಿರುವ ನಮಗೂ ಕಾಣದು. ಕಾದಂಬರಿಕಾರ ದೃಷ್ಟಿಕೋನವನ್ನು ಬಳಸಿದ ಪರಿ ಇದು: ಎಲ್ಲ ಬಲ್ಲವನಾಗಿದ್ದೂ ತಾನೇ ದೀಪ ಆರಿಸಿದ್ದಾನೆ.

ಆಮೇಲೆ ನಡೆಯುವುದು ಇನ್ನೂ ದೊಡ್ಡದು. ವಂದಿಯತ್ತೇವನ ಮೇಲೆ ಆರೋಪ ಬರುತ್ತದೆ. ಅವನನ್ನು ಉಳಿಸಲು, ಅವನನ್ನು ಪ್ರೀತಿಸುವ ಮಣಿಮೇಕಲೈ ‘ಕೊಂದವಳು ನಾನು’ ಎನ್ನುತ್ತಾಳೆ. ನಂದಿನಿಯ ಗಂಡ, ಮುದುಕ ಪಳುವೇಟ್ಟರೈಯರ್ ಕೂಡ ತಪ್ಪನ್ನು ತನ್ನ ತಲೆಯ ಮೇಲೆ ಹೊತ್ತುಕೊಳ್ಳುತ್ತಾನೆ. ಕೊಂದವರು ಯಾರು ಎಂಬ ಪ್ರಶ್ನೆ ಪಕ್ಕಕ್ಕೆ ಸರಿದು, ಆ ಸಾವಿನ ಭಾರ ಹೊರುವವರು ಯಾರು ಎಂಬುದು ಮುನ್ನೆಲೆಗೆ ಬರುತ್ತದೆ.

ಬಸವಣ್ಣನವರ ಕಾಲದ ನಮ್ಮ ಕಲ್ಯಾಣದ ಕಥೆಯನ್ನು ಇದರ ಪಕ್ಕದಲ್ಲಿಡಿ. ಅಲ್ಲಿನ ದೊರೆ ಬಿಜ್ಜಳನನ್ನು ಕೊಂದವರೆಂದು ಪರಂಪರೆ ಜಗದೇವ, ಮಲ್ಲಯ್ಯ, ಬೊಮ್ಮಯ್ಯರ ಹೆಸರುಗಳನ್ನು ಹೇಳಿಯೇ ಬಿಡುತ್ತದೆ. ಬಿಜ್ಜಳ ಶಿಕ್ಷಿಸಿದ ಶರಣರಾದ ಹರಳಯ್ಯ, ಮಧುವರಸರ ಸಾವಿನಿಂದ ಆ ಕೊಲೆಯವರೆಗೆ ಕಲ್ಯಾಣ ಹೇಗೆ ಬಂದಿತು ಎಂಬುದೇ ಅಲ್ಲಿ ಲೇಖಕರನ್ನು ಕಾಡುವ ಒಗಟು. ಬಿ. ಪುಟ್ಟಸ್ವಾಮಯ್ಯನವರ ‘ಕ್ರಾಂತಿ ಕಲ್ಯಾಣ’ (1964ರ ಸಾಹಿತ್ಯ ಅಕಾಡೆಮಿ ಪುರಸ್ಕೃತ) ಓದಿ ನೋಡಿ.

ನಿಮ್ಮ ಬಡಾವಣೆಯಲ್ಲೇ ನಮ್ಮ ವಿಶ್ವೇಶ್ವರಯ್ಯನವರ ಹೆಸರಿನ ಗೋಪುರವಿದೆ. ಅದನ್ನು ಸುತ್ತಿ ಸುತ್ತಿ ಹತ್ತುವಾಗ ಅದೇ ಊರು ಪ್ರತಿ ಸುತ್ತಿಗೂ ಬೇರೆಯಾಗಿ ಕಾಣುತ್ತದೆ. ಕಡಂಬೂರಿನ ಅಧ್ಯಾಯಗಳನ್ನೂ ಹಾಗೆಯೇ ಓದಿ, ಒಮ್ಮೆ ನಂದಿನಿಯ ಕಡೆಯಿಂದ, ಇನ್ನೊಮ್ಮೆ ಕರಿಕಾಲನ ಕಡೆಯಿಂದ.