ನೇಪಾಳಕ್ಕೆ ಹೊರಟವರಿಗೆ ಜೇಬಿನ ಲೆಕ್ಕ: ಹತ್ತು ಸೂತ್ರಗಳು

ಪಶುಪತಿನಾಥ, ಮುಕ್ತಿನಾಥ, ಪೋಖರಾ ಎಂದು ಕರ್ನಾಟಕದಿಂದ ನೇಪಾಳಕ್ಕೆ ಹೋಗುವವರು ಕಡಿಮೆಯೇನಿಲ್ಲ. ವೀಸಾ ಬೇಡ, ಹಿಂದಿ ನಡೆಯುತ್ತದೆ, ನಮ್ಮ ನೋಟೂ ಓಡುತ್ತದೆ. ಎಲ್ಲ ಇಷ್ಟು ಸಲೀಸಾಗಿರುವುದರಿಂದಲೇ ಹಣದ ವಿಷಯದಲ್ಲಿ ಉದಾಸೀನ. ಅಲ್ಲಿ ನಮ್ಮವರ ದುಡ್ಡು ಒಮ್ಮೆಲೇ ಹೋಗುವುದಿಲ್ಲ. ಆಟೋದಲ್ಲಿ ಇಪ್ಪತ್ತು, ಅಂಗಡಿಯಲ್ಲಿ ಐವತ್ತು, ಎಟಿಎಂನಲ್ಲಿ ಮುನ್ನೂರು ಎಂದು ಸೋರುತ್ತದೆ. ಡಾಲರಿನಂತೆ ದಿನಕ್ಕೊಂದು ದರದ ಕಾಟ ಇಲ್ಲಿಲ್ಲ. ಹಾಗಾಗಿ ನಷ್ಟವಾದರೆ ಮಾರುಕಟ್ಟೆಯನ್ನು ಬೈಯುವಂತಿಲ್ಲ. ತಿಳಿದುಕೊಂಡು ಹೋದರೆ ಬಹುಪಾಲು ಸೋರಿಕೆ ನಿಲ್ಲುತ್ತದೆ.

1. ನೂರಕ್ಕೆ ನೂರಾ ಅರವತ್ತು
ಇದು ಬಾಯಿಪಾಠ ಆಗಿರಲಿ. 1993ರಿಂದ ನಮ್ಮ 100 ರೂಪಾಯಿಗೆ ನೇಪಾಳಿ 160 ರೂಪಾಯಿ ಎಂಬ ದರ ಕದಲಿಲ್ಲ. ವಿನಿಮಯ ಕೌಂಟರಿನವರು ಅಲ್ಪಸ್ವಲ್ಪ ಕಮಿಷನ್ ಹಿಡಿದುಕೊಂಡರೆ ಒಪ್ಪಬಹುದು. ಆದರೆ ‘ಲೆಕ್ಕಕ್ಕೆ ಸುಲಭ’ ಎಂದು ನೂರಕ್ಕೆ 150 ಕೊಡುವ ಅಂಗಡಿಗಳೂ ಇವೆ. ಹತ್ತು ಸಾವಿರ ಹಾಗೆ ಖರ್ಚು ಮಾಡಿದರೆ ನೇಪಾಳಿ ಸಾವಿರ ರೂಪಾಯಿ, ಅಂದರೆ ನಮ್ಮ 625 ರೂಪಾಯಿ, ಸುಮ್ಮನೆ ಕೈಬಿಟ್ಟಂತೆ.

2. ಅರ್ಧ, ಜತೆಗೆ ಅರ್ಧದ ಕಾಲು
ಬೆಲೆ ಕೇಳಿದಾಗಲೆಲ್ಲ ಮೊಬೈಲ್ ತೆಗೆಯಬೇಕಿಲ್ಲ. ನೇಪಾಳಿ ಬೆಲೆಯನ್ನು ಅರ್ಧ ಮಾಡಿ, ಆ ಅರ್ಧದ ಕಾಲುಭಾಗ ಸೇರಿಸಿ. ಊಟಕ್ಕೆ 800 ಆಯಿತೇ? ಅರ್ಧ 400, ಅದರ ಕಾಲು 100, ಒಟ್ಟು ನಮ್ಮ 500. ಶಾಲಿಗೆ 2,400 ಹೇಳಿದರೆ 1,200ಕ್ಕೆ 300 ಸೇರಿಸಿ: 1,500. ಮೊದಲ ದಿನ ನಾಲ್ಕು ಸಲ ಮಾಡಿದರೆ ಮರುದಿನದಿಂದ ನಾಲಿಗೆಯ ಮೇಲೇ ಇರುತ್ತದೆ.

3. ‘ಐಸಿನಾ? ಎನ್‌ಸಿನಾ?’
ಭಾರತದ ರೂಪಾಯಿಗೆ ಅಲ್ಲಿ ಐಸಿ, ನೇಪಾಳದ್ದಕ್ಕೆ ಎನ್‌ಸಿ ಎನ್ನುತ್ತಾರೆ. ‘ಐನೂರು’ ಎಂದಷ್ಟೇ ಹೇಳಿ ಗಾಡಿ ಹತ್ತಿಸಿಕೊಂಡವರು ಇಳಿಯುವಾಗ ‘ಐಸಿ’ ಎಂದರೆ ಬಾಡಿಗೆ ಒಮ್ಮೆಗೇ 800 ಆಯಿತು. ಆದ್ದರಿಂದ ಹತ್ತುವ ಮುಂಚೆ, ರೂಮು ಒಪ್ಪುವ ಮುಂಚೆ, ಪೂಜಾ ಬುಟ್ಟಿ ಕೈಗೆ ತೆಗೆದುಕೊಳ್ಳುವ ಮುಂಚೆ ಕೇಳಿ. ಪಶುಪತಿನಾಥನ ಗರ್ಭಗುಡಿಯಲ್ಲಿ ಪೂಜೆ ಮಾಡುವ ಭಟ್ಟರು ಕರ್ನಾಟಕ ಮೂಲದವರು, ನಿಜ. ಹೊರಗೆ ಹೂವು ಮಾರುವವರು ಅಲ್ಲವಲ್ಲ!

4. ನೂರರ ನೋಟಿನ ಕಟ್ಟು ಇರಲಿ
2016ರ ನೋಟು ರದ್ದತಿಯಲ್ಲಿ ನಮ್ಮ ಹಳೆಯ 500, 1,000ದ ನೋಟುಗಳು ಬದಲಾಗದೆ ನೇಪಾಳದಲ್ಲೇ ಸಿಕ್ಕಿಹಾಕಿಕೊಂಡವು. 2018ರ ಡಿಸೆಂಬರಿನಲ್ಲಿ ಅಲ್ಲಿನ ಸರ್ಕಾರ ನೂರಕ್ಕಿಂತ ದೊಡ್ಡ ಭಾರತೀಯ ನೋಟುಗಳನ್ನೇ ನಿಷೇಧಿಸಿತು. ಈ ನಿಯಮಗಳು ಎರಡೂ ಕಡೆ ಬದಲಾಗುತ್ತಿರುತ್ತವೆ, ಹೊರಡುವ ವಾರ ಒಮ್ಮೆ ನೋಡಿಕೊಳ್ಳಿ. ನಿಯಮ ಏನೇ ಹೇಳಲಿ, ಸುಟ್ಟುಕೊಂಡ ಅಂಗಡಿಯವನು ಐನೂರರ ನೋಟನ್ನು ತಿರುಗಿಸಿ ನೋಡದೆ ಬಿಡುವುದಿಲ್ಲ. ನೂರರ ನೋಟಿಗೆ ಆ ತಕರಾರಿಲ್ಲ. ನಮ್ಮ ಬ್ಯಾಂಕಿನಲ್ಲಿ ಮೊದಲೇ ಹೇಳಿಟ್ಟು, ಹರಕು-ಮಾಸಲು ಇಲ್ಲದ ಕಟ್ಟು ಪಡೆಯಿರಿ.

5. ಡಾಲರಿಗೆ ಅಲೆಯಬೇಡಿ
ವಿದೇಶ ಎಂದಕೂಡಲೇ ಫಾರೆಕ್ಸ್ ಅಂಗಡಿಯ ನೆನಪಾಗುತ್ತದೆ. ನೇಪಾಳ, ಭೂತಾನ್ ಪ್ರವಾಸಕ್ಕೆ ವಿದೇಶಿ ಕರೆನ್ಸಿ ಪಡೆಯಲು ನಮ್ಮ ಕಾನೂನಿನಲ್ಲೇ ಅವಕಾಶವಿಲ್ಲ. ಅಮೆರಿಕ ಪ್ರವಾಸದಲ್ಲಿ ಉಳಿದ ಫಾರೆಕ್ಸ್ ಕಾರ್ಡೂ ಇಲ್ಲಿ ಉಪಯೋಗಕ್ಕೆ ಬಾರದು. ಅದನ್ನು ತಿರುಗಿಸಿ ನೋಡಿ, ಭಾರತ, ನೇಪಾಳ, ಭೂತಾನ್‌ಗಳಲ್ಲಿ ಬಳಸುವಂತಿಲ್ಲ ಎಂದು ಸಣ್ಣಕ್ಷರದಲ್ಲಿ ಬರೆದಿರುತ್ತದೆ. ರೂಪಾಯಿ ಸಾಕು.

6. ಕಾರ್ಡಿನ ಬೀಗ ಮನೆಯಲ್ಲೇ ತೆಗೆಯಿರಿ
2020ರಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮದಂತೆ ಹೊಸ ಕಾರ್ಡುಗಳು ದೇಶದೊಳಗಿನ ಬಳಕೆಗಷ್ಟೇ ತೆರೆದಿರುತ್ತವೆ. ವಿದೇಶದ ಬಳಕೆಗೆ ಬ್ಯಾಂಕಿನ ಆ್ಯಪ್‌ನಲ್ಲಿ ನೀವೇ ಅನುಮತಿ ಕೊಡಬೇಕು, ಮಿತಿಯನ್ನೂ ಹಾಕಿಕೊಳ್ಳಬಹುದು. ಎಟಿಎಂನಲ್ಲಿ ಪ್ರತಿ ಸಲವೂ ಅಲ್ಲಿನ ಬ್ಯಾಂಕು ಒಂದು ಶುಲ್ಕ, ಇಲ್ಲಿನ ಬ್ಯಾಂಕು ಇನ್ನೊಂದು ಶುಲ್ಕ ಮುರಿದುಕೊಳ್ಳುತ್ತದೆ. ಸಾವಿರ, ಎರಡು ಸಾವಿರ ಎಂದು ಚೂರುಚೂರು ತೆಗೆಯುವ ಬದಲು ಬೇಕಾದ್ದನ್ನು ಒಂದೇ ಸಲ ತೆಗೆಯಿರಿ. ಪರದೆಯ ಮೇಲೆ ‘ನಿಮ್ಮ ಕರೆನ್ಸಿಯಲ್ಲಿ ಲೆಕ್ಕ ಹಾಕಲೇ?’ ಎಂದು ಕೇಳಿದರೆ ಬೇಡ ಎನ್ನಿ. ಆ ಉಪಕಾರಕ್ಕೂ ದುಡ್ಡಿದೆ.

7. ಯುಪಿಐ ಇದೆ, ಅದನ್ನೇ ನಂಬಬೇಡಿ
2024ರಿಂದ ನೇಪಾಳದ ಫೋನ್‌ಪೇ ಜಾಲದ ಕ್ಯೂಆರ್ ಕೋಡ್‌ಗಳನ್ನು ನಮ್ಮ ಯುಪಿಐ ಆ್ಯಪ್‌ಗಳಿಂದ ಸ್ಕ್ಯಾನ್ ಮಾಡಿ ಪಾವತಿಸಬಹುದು. ಹೆಸರು ಕೇಳಿ ನಮ್ಮ ಫೋನ್‌ಪೇ ಎಂದುಕೊಳ್ಳಬೇಡಿ, ಅದು ಅಲ್ಲಿನ ಬೇರೆಯೇ ಕಂಪನಿ. ಆ್ಯಪ್‌ನಲ್ಲಿ ಅಂತಾರಾಷ್ಟ್ರೀಯ ಪಾವತಿಯ ಆಯ್ಕೆಯನ್ನು ಹೊರಡುವ ಮುನ್ನವೇ ಚಾಲೂ ಮಾಡಿ. ಪಿನ್ ಒತ್ತುವ ಮುಂಚೆ ನಮ್ಮ ರೂಪಾಯಿಯಲ್ಲಿ ಎಷ್ಟು ಕಡಿತವಾಗುತ್ತದೆ ಎಂದು ತೋರಿಸುತ್ತದೆ. ಎರಡನೇ ಸೂತ್ರದ ಲೆಕ್ಕಕ್ಕೆ ಅದನ್ನು ತಾಳೆ ನೋಡಿ. ರೋಮಿಂಗ್ ಇಲ್ಲ, ವೈಫೈ ಇಲ್ಲ ಎಂದರೆ ಆ್ಯಪ್ ಇದ್ದೂ ಇಲ್ಲದಂತೆ.

8. ಚೀಟಿ ಕೊಡುವಲ್ಲಿ ಬದಲಿಸಿ
ಸುನೌಲಿ, ರಕ್ಸೌಲ್ ಗಡಿಗಳಲ್ಲಿ ಬಸ್ಸಿನಿಂದ ಇಳಿಯುತ್ತಿದ್ದಂತೆ ನೋಟಿನ ಕಂತೆ ಹಿಡಿದು ಮುತ್ತಿಕೊಳ್ಳುವವರಿದ್ದಾರೆ. ಅವರನ್ನು ದಾಟಿ ಬ್ಯಾಂಕಿಗೋ ಪರವಾನಗಿ ಇರುವ ‘ಸಟಹಿ’ ಕೌಂಟರಿಗೋ ಹೋಗಿ, ಗುರುತಿನ ಚೀಟಿ ಕೈಯಲ್ಲಿರಲಿ. ದರ ಕೇಳಬೇಡಿ, ‘ಐದು ಸಾವಿರ ಕೊಟ್ಟರೆ ಕೈಗೆ ಎಷ್ಟು ಬರುತ್ತದೆ’ ಎಂದು ಕೇಳಿ. ಉತ್ತರ ಎಂಟು ಸಾವಿರದ ಆಸುಪಾಸಿನಲ್ಲಿರಬೇಕು. ಕಿಟಕಿ ಬಿಡುವ ಮುಂಚೆ ಎಣಿಸಿ. ನೋಟುಗಳನ್ನು ಪ್ರಾಣಿಯಿಂದಲೂ ಗುರುತು ಹಿಡಿಯಬಹುದು: ನೂರರಲ್ಲಿ ಘೇಂಡಾಮೃಗ, ಐನೂರರಲ್ಲಿ ಹುಲಿ, ಸಾವಿರದಲ್ಲಿ ಆನೆ. ನೂರು, ಐವತ್ತು, ಹತ್ತರ ಚಿಲ್ಲರೆ ಅಲ್ಲೇ ಕೇಳಿ ಪಡೆಯಿರಿ. ಟೆಂಪೊದವರ ಬಳಿ, ಹುಂಡಿಯ ಮುಂದೆ ಆನೆ ನೋಟು ಹಿಡಿದು ನಿಂತರೆ ಪ್ರಯೋಜನವಿಲ್ಲ.

9. ಶನಿವಾರ ಮತ್ತು ದಸರೆ ನೆನಪಿಡಿ
ನೇಪಾಳದಲ್ಲಿ ವಾರದ ರಜೆ ಶನಿವಾರ. ಶುಕ್ರವಾರ ಸಂಜೆ ತಲುಪುವವರು ಮರುದಿನದ ಖರ್ಚಿಗೆ ನಗದು ಮೊದಲೇ ಇಟ್ಟುಕೊಳ್ಳಿ. ಇನ್ನೊಂದು, ನಮ್ಮವರು ಮಕ್ಕಳ ದಸರಾ ರಜೆಗೆ ಸರಿಯಾಗಿ ಹೊರಡುತ್ತಾರೆ. ಅಲ್ಲಿ ಅದು ದಶೈಂ, ವರ್ಷದ ಅತಿ ದೊಡ್ಡ ಹಬ್ಬ. ಕಚೇರಿ, ಬ್ಯಾಂಕು ಸಾಲುಸಾಲಾಗಿ ಬಾಗಿಲು ಹಾಕುತ್ತವೆ, ಊರಿಗೆ ಹೊರಟ ಜನ ಎಟಿಎಂ ಬರಿದು ಮಾಡಿರುತ್ತಾರೆ. ಆ ದಿನಗಳಲ್ಲಿ ಹೋಗುವುದಾದರೆ ಇಡೀ ಪ್ರವಾಸದ ನಗದು ಗಡಿಯಲ್ಲೇ ಬದಲಿಸಿ.

10. ಬೆಟ್ಟಕ್ಕೆ ಎನ್‌ಸಿ, ಗಡಿಗೆ ಐಸಿ
ಮುಕ್ತಿನಾಥ ಇರುವುದು 3,700 ಮೀಟರಿಗೂ ಎತ್ತರದಲ್ಲಿ. ಮೇಲೆ ಹೋದಷ್ಟೂ ಚಹಾ, ಬಿಸಿನೀರು ಎಲ್ಲವೂ ತುಟ್ಟಿ. ಸರಕು ಕೆಳಗಿನಿಂದಲೇ ಏರಬೇಕಲ್ಲ. ಜೀಪು, ಅನ್ನಪೂರ್ಣ ಪ್ರದೇಶದ ಪ್ರವೇಶ ಪರವಾನಗಿ, ಕುದುರೆಗೆ ಬೇಕಾಗುವ ನಗದನ್ನು ಪೋಖರಾದಲ್ಲೇ ಹೊಂದಿಸಿಕೊಳ್ಳಿ. ಪರವಾನಗಿಯಲ್ಲಿ ಸಾರ್ಕ್ ದೇಶದವರಿಗೆ ಪ್ರತ್ಯೇಕ ಕಡಿಮೆ ದರವಿದೆ, ಗುರುತಿನ ಚೀಟಿ ತೋರಿಸಿ ಕೇಳಿ ಪಡೆಯಿರಿ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎಂಬ ಗಾದೆ ಇಂಥಲ್ಲಿ ಕೆಲಸಕ್ಕೆ ಬರುತ್ತದೆ. ವಾಪಸ್ ಬರುವಾಗ ಲೆಕ್ಕ ತಿರುಗಿಸಿ: ಕೊನೆಯ ಹೋಟೆಲ್ ಬಿಲ್ಲಿಗೆ ಕೈಲಿರುವ ನೇಪಾಳಿ ನೋಟನ್ನೆಲ್ಲ ಕೊಡಿ, ಕಡಿಮೆ ಬಿದ್ದದ್ದನ್ನು ಯುಪಿಐನಲ್ಲಿ ತುಂಬಿ. ಆಮೇಲೂ ಉಳಿದರೆ ಗಡಿ ದಾಟುವ ಮುನ್ನವೇ ಬದಲಿಸಿ. ಬೆಂಗಳೂರಿಗೆ ತಂದರೆ ಅದನ್ನು ಕೊಳ್ಳುವವರನ್ನು ಹುಡುಕುವುದರಲ್ಲಿ ಆಟೋ ಖರ್ಚೇ ಹೆಚ್ಚಾದೀತು.