ರಾಗಿಯ ಬೆಂಕಿ ರೋಗವೂ ಅದರ ನಿವಾರಣೆಯೂ

ಕೋಲಾರದ ಚಿನ್ನದ ಗಣಿಗಳು 2001ನೆಯ ಇಸವಿಯಲ್ಲಿ ಮುಚ್ಚಿದುವು. ಅವುಗಳ ಸುತ್ತಲೂ ಬಂಗಾರಪೇಟೆಯ ಕಡೆಯೂ ಇರುವ ಕೆಂಪು ಮಣ್ಣಿನ ಹೊಲಗಳು ಈಗಲೂ ರಾಗಿಯನ್ನು ಕೊಡುತ್ತಿವೆ. ಸದಾ ಹರಿಯುವ ಹೊಳೆಯಿಲ್ಲದ ಈ ಸೀಮೆಯಲ್ಲಿ ಮಳೆಯನ್ನು ನಂಬಿ ಬೆಳೆದ ಪೈರು ಬೆಂಕಿ ರೋಗಕ್ಕೆ ತುತ್ತಾದರೆ, ಮನೆಯವರ ಹಿಟ್ಟಿಗೂ ದನಗಳ ಹುಲ್ಲಿಗೂ ಕೊರತೆಯುಂಟಾಗುವುದು.

ರೋಗದ ಲಕ್ಷಣಗಳು

ಈ ರೋಗಕ್ಕೆ ಒಂದು ಬಗೆಯ ಬೂಷ್ಟು ಕಾರಣ. ಮೊದಲು ಎಲೆಗಳ ಮೇಲೆ ನೂಲುವ ಕದಿರಿನಂತೆ ನಡುವೆ ಅಗಲವಾಗಿಯೂ ತುದಿಗಳಲ್ಲಿ ಚೂಪಾಗಿಯೂ ಇರುವ ಮಚ್ಚೆಗಳು ಕಾಣುವುವು. ಅವುಗಳ ನಡುಭಾಗ ಬೂದಿಬಣ್ಣ, ಅಂಚು ಕಂದು. ತೆನೆ ಹೊರಟ ಮೇಲೆ ಕುತ್ತಿಗೆಗೆ ತಗುಲಿದರೆ ಆ ಭಾಗವು ಕಪ್ಪಾಗಿ, ಆಹಾರದ ಸಂಚಾರ ನಿಂತು, ಕಾಳು ಜೊಳ್ಳಾಗುವುದು. ಕೆಲವು ವೇಳೆ ಇಲುಕುಗಳು ಮಾತ್ರ ಒಣಗುವುವು. ಇದನ್ನು ಮಳೆಯ ಅಭಾವದ ಫಲವೆಂದು ಭಾವಿಸುವವರುಂಟು. ತೆನೆಯ ಬುಡವನ್ನು ಪರೀಕ್ಷಿಸಿದರೆ ಸಂದೇಹ ತೀರುವುದು: ಕುತ್ತಿಗೆ ಕಪ್ಪಾಗಿದ್ದರೆ ಅದು ರೋಗವೇ.

ಹರಡುವ ಬಗೆ

ಬೂಷ್ಟಿನ ಕಣಗಳು ಬೀಜದಲ್ಲಿಯೂ, ರೋಗದ ಹುಲ್ಲಿನಲ್ಲಿಯೂ, ಬದುಗಳ ಮೇಲಿನ ಕಾಡು ಹುಲ್ಲುಗಳಲ್ಲಿಯೂ ಉಳಿದು, ಗಾಳಿಯಿಂದ ಹರಡುವುವು. ಮೋಡ, ತುಂತುರು ಮಳೆ, ಎಲೆಯ ಮೇಲೆ ಬಹಳ ಹೊತ್ತು ನಿಲ್ಲುವ ಇಬ್ಬನಿ ಇವುಗಳಿಂದ ರೋಗ ಪ್ರಬಲಿಸುವುದು. ಯೂರಿಯಾ ಮಿತಿಮೀರಿದರೂ ಹಾಗೆಯೇ.

ನಿವಾರಣೋಪಾಯಗಳು

1. ತಳಿ. ಇದೇ ಮುಖ್ಯವಾದುದು. ಉದುರುಮಲ್ಲಿಗೆಯಂಥ ಹಳೆಯ ತಳಿಯು ಈ ರೋಗಕ್ಕೆ ಸುಲಭವಾಗಿ ಈಡಾಗುವುದು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ಹೊರತಂದ ಜಿಪಿಯು 28 ರೋಗವನ್ನು ಚೆನ್ನಾಗಿ ತಡೆಯುವ ತಳಿ. ಸುಮಾರು 110ರಿಂದ 115 ದಿನಗಳಲ್ಲಿ ಕಟಾವಿಗೆ ಬರುವುದು. ಎಂಎಲ್ 365 ಬರವನ್ನೂ ಸಹಿಸುವುದು. ಮಳೆ ತಡವಾಗಿ ಬಿತ್ತನೆ ಹಿಂದೆ ಬಿದ್ದರೆ ಅಲ್ಪಾವಧಿಯ ಜಿಪಿಯು 48 ಅನುಕೂಲ.

2. ಬೀಜೋಪಚಾರ. ಬಿತ್ತುವ ಮುನ್ನ ಕಿಲೋ ಬೀಜಕ್ಕೆ 2 ಗ್ರಾಂ ಕಾರ್ಬೆಂಡಾಜಿಂ ಬೆರೆಸತಕ್ಕದ್ದು. ಎಕರೆಗೆ 5 ಕಿಲೋ ಬೀಜವಾದರೆ 10 ಗ್ರಾಂ ಸಾಕು. ಉಪಚರಿಸಿದ ಬೀಜ ಉಳಿದರೆ ಅದನ್ನು ತಿನ್ನಲೂ ದನಗಳಿಗೆ ಹಾಕಲೂ ಕೂಡದು.

3. ಗೊಬ್ಬರ. ಸಾರಜನಕವನ್ನು ಒಮ್ಮೆಗೇ ಕೊಡದೆ, ಅರ್ಧವನ್ನು ಬಿತ್ತುವಾಗಲೂ ಉಳಿದುದನ್ನು ಸುಮಾರು ಒಂದು ತಿಂಗಳ ಮೇಲೆ ನೆಲ ತೇವವಿದ್ದಾಗಲೂ ಕೊಡಬೇಕು.

4. ಸಿಂಪಡಣೆ. ಎಲೆಗಳಲ್ಲಿ ಮಚ್ಚೆ ಹೆಚ್ಚುತ್ತಿದ್ದರೆ ಲೀಟರು ನೀರಿಗೆ 1 ಗ್ರಾಂ ಕಾರ್ಬೆಂಡಾಜಿಂ ಕರಗಿಸಿ ಸಿಂಪಡಿಸಬೇಕು. ರೋಗಕ್ಕೆ ಅನುಕೂಲವಾದ ಹವೆಯಿದ್ದರೆ ತೆನೆ ಹೊರಡುವಾಗ ಇನ್ನೊಮ್ಮೆ. ಕುತ್ತಿಗೆ ಕಪ್ಪಾದ ತೆನೆಯನ್ನು ಯಾವ ಔಷಧವೂ ಉಳಿಸಲಾರದು; ಆ ವೇಳೆಯ ಖರ್ಚು ವ್ಯರ್ಥ.

ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಡಾಕ್ಟರ್ ಲೆಸ್ಲಿ ಕೋಲ್ಮನ್ನರು ಬೋರ್ಡೋ ದ್ರಾವಣದ ಸಿಂಪಡಣೆಯನ್ನು ರೂಢಿಗೆ ತಂದರು. ಅಡಿಕೆಯ ಬೆಲೆ ಆ ಖರ್ಚನ್ನು ತಾಳಿತು. ಮಳೆಯಾಶ್ರಯದ ರಾಗಿ ಪದೇ ಪದೇ ಸಿಂಪಡಿಸುವ ಖರ್ಚನ್ನು ತಾಳುವುದು ಕಷ್ಟ. ಆದ ಕಾರಣ ಇಲ್ಲಿ ಒಳ್ಳೆಯ ಬೀಜವೇ ಅಗ್ಗದ ಔಷಧ.

ಗ್ರಾಮದ ಮುಖಂಡರು ಗಮನಿಸತಕ್ಕ ಸಂಗತಿಯೊಂದುಂಟು. ಗಾಳಿಗೆ ಬದುಗಳ ಗಡಿಯಿಲ್ಲ. ಒಬ್ಬನ ರೋಗದ ಹೊಲವು ನೆರೆಯವನಿಗೂ ನಷ್ಟವನ್ನು ತರುವುದು. ಬಿತ್ತನೆಗೆ ಮೊದಲೇ ಊರಿನವರನ್ನು ಸೇರಿಸಿ, ಯಾರಿಗೆ ಎಷ್ಟು ಬೀಜ ಬೇಕೆಂಬುದನ್ನು ಬರೆದಿಟ್ಟು, ರೈತ ಸಂಪರ್ಕ ಕೇಂದ್ರದಿಂದ ಒಟ್ಟಿಗೆ ತರಿಸುವುದು ಉತ್ತಮ. ಮುಂದಿನ ವರ್ಷದ ಬೀಜವನ್ನು ರೋಗವಿಲ್ಲದ ಹೊಲದ ತೆನೆಗಳಿಂದಲೇ ಆರಿಸಿ, ಬೇರೆಯಾಗಿ ಬಡಿದು, ಒಣಗಿಸಿ ಇಡಬೇಕು.