ಸಹಿಯ ಹಿಂದಿನ ಕೈ: ‘ಚಂದಮಾಮ’ದ ಶಂಕರ್ ಮತ್ತು ಕಲಾವಿದರನ್ನು ಕಾಣುವ ಬಗೆ

ಓದು ಬಾರದ ಮಗುವೂ ‘ಚಂದಮಾಮ’ವನ್ನು ಓದುತ್ತಿತ್ತು. ಅಕ್ಷರಗಳು ಕೂಡಿಬರುವ ಮೊದಲೇ ಅದರ ಪಾಲಿಗೆ ಚಿತ್ರಗಳು ಕೂಡಿಬಂದು ಕಥೆಯಾಗುತ್ತಿದ್ದವು. ಕತ್ತಲೆಯ ಸ್ಮಶಾನ, ಹೆಗಲ ಮೇಲೆ ಶವ, ಕೈಯಲ್ಲಿ ಖಡ್ಗ, ನಡೆಯುತ್ತಲೇ ಇರುವ ರಾಜ: ಬೇತಾಳ ಕಥೆಗಳ ತಲೆಯಲ್ಲಿ ತಿಂಗಳು ತಿಂಗಳೂ ಬರುತ್ತಿದ್ದ ಆ ಚಿತ್ರವನ್ನು ಕಂಡ ಕನ್ನಡಿಗರ ಸಂಖ್ಯೆ ದೊಡ್ಡದು. ಅದರ ಮೂಲೆಯಲ್ಲಿದ್ದ ‘ಶಂಕರ್’ ಎಂಬ ಸಹಿಯನ್ನು ಗಮನಿಸಿದವರು ಕಡಿಮೆ. ಸಹಿ ಮಾಡಿದಾತ ಯಾರು, ಎಲ್ಲಿಯವರು ಎಂದು ಕೇಳಿದವರು ಇನ್ನೂ ಕಡಿಮೆ.

ಸಾಹಿತ್ಯದ ಅಧ್ಯಯನದಲ್ಲಿ ಕವಿಚರಿತೆಗೆ ಸ್ಥಾನವಿದೆ. ಅನುವಾದಕರಿಗೂ ಸಂಪಾದಕರಿಗೂ ಈಚೆಗೆ ಸ್ಥಾನ ದೊರೆಯುತ್ತಿದೆ. ಆದರೆ ಒಂದು ತಲೆಮಾರನ್ನು ಓದಿನ ಹೊಸ್ತಿಲು ದಾಟಿಸಿದ ಚಿತ್ರಕಾರರಿಗೆ ಆ ಚರಿತ್ರೆಯಲ್ಲಿ ಒಂದು ಸಾಲೂ ಸಿಗುವುದು ಅಪರೂಪ. ಮೆಚ್ಚಿದ ಚಿತ್ರಕಾರರನ್ನು ಭೇಟಿಯಾಗಬೇಕೆಂಬುದು ಓದುಗರ ಸಹಜವಾದ ಆಸೆ. ಆ ಆಸೆಯನ್ನು ಅಭ್ಯಾಸವಾಗಿ ಮಾರ್ಪಡಿಸಿಕೊಳ್ಳುವುದು ಹೇಗೆ ಎಂಬುದನ್ನು ಶಂಕರ್ ಅವರ ಬದುಕನ್ನು ಮುಂದಿಟ್ಟುಕೊಂಡು ನೋಡುವುದು ಈ ಪಾಠದ ಉದ್ದೇಶ.

ಒಂದೇ ಜಿಲ್ಲೆಯ ಮಗ

ಕೆ. ಸಿ. ಶಿವಶಂಕರನ್ ಹುಟ್ಟಿದ್ದು 1924ರಲ್ಲಿ, ತಮಿಳುನಾಡಿನ ಧಾರಾಪುರಂ ಸಮೀಪದ ಒಂದು ಹಳ್ಳಿಯಲ್ಲಿ. ಅಮರಾವತಿ ನದಿಯ ನೀರುಣ್ಣುವ ಧಾರಾಪುರಂ ಇಂದು ತಿರುಪ್ಪೂರು ಜಿಲ್ಲೆಗೆ ಸೇರಿದೆ. ಆ ಜಿಲ್ಲೆ ರೂಪುಗೊಂಡದ್ದು 2009ರಲ್ಲಿ. ಅದಕ್ಕೆ ಮೊದಲು ಈ ತಾಲ್ಲೂಕು ಈರೋಡು ಜಿಲ್ಲೆಯಲ್ಲಿತ್ತು. ಶಂಕರ್ ಹುಟ್ಟಿದ ಕಾಲಕ್ಕೆ ಎಲ್ಲವೂ ಹಳೆಯ ಕೊಯಮತ್ತೂರು ಜಿಲ್ಲೆಯೇ ಆಗಿತ್ತು.

ಕನ್ನಡದ ವಿದ್ಯಾರ್ಥಿಗಳು ಇಲ್ಲಿ ಒಂದು ಸಂಗತಿಯನ್ನು ನೆನಪಿಡಬೇಕು. ಇಂದು ಚಾಮರಾಜನಗರ ಜಿಲ್ಲೆಯಲ್ಲಿರುವ ಕೊಳ್ಳೇಗಾಲವೂ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಅದೇ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿತ್ತು. 1952ರಲ್ಲಿ ಕೊಳ್ಳೇಗಾಲದ ಜಗಲಿಯೊಂದರ ಮೇಲೆ ಕುಳಿತು ‘ಚಂದಮಾಮ’ವನ್ನು ತಿರುವುತ್ತಿದ್ದ ಹುಡುಗನಿಗೂ ಆ ಪತ್ರಿಕೆಗೆ ಚಿತ್ರ ಬರೆಯುತ್ತಿದ್ದ ಕಲಾವಿದನಿಗೂ ಒಂದೇ ಜಿಲ್ಲೆ ತವರಾಗಿತ್ತು. ಅಂಥ ಹುಡುಗನಿಗೆ ಇದನ್ನು ತಿಳಿಸುವವರಾರೂ ಇರಲಿಲ್ಲ. ಕೊಯಮತ್ತೂರು ಸೀಮೆಯ ದೇವಾಂಗ ನೇಕಾರರ ಅನೇಕ ಮನೆಗಳಲ್ಲಿ ಇಂದಿಗೂ ಕನ್ನಡ ಮನೆಮಾತು. ಶಾಲೆಯ ಭಾಷೆ ತಮಿಳು. ಅಂಥ ಮನೆಯ ಮಕ್ಕಳು ಇವೇ ಚಿತ್ರಗಳನ್ನು ‘ಅಂಬುಲಿಮಾಮಾ’ ಎಂಬ ತಮಿಳು ಆವೃತ್ತಿಯಲ್ಲಿ ಕಾಣುವಂತಿತ್ತು. ಭಾಷೆ ಬೇರೆ, ಹೊತ್ತಗೆ ಬೇರೆ, ಆದರೆ ಕೈ ಒಂದೇ.

ಶಂಕರ್ 1934ರಲ್ಲಿ, ಹತ್ತು ವರ್ಷದ ಬಾಲಕನಾಗಿದ್ದಾಗ, ತಾಯಿ ಮತ್ತು ಒಡಹುಟ್ಟಿದವರೊಡನೆ ಮದ್ರಾಸಿಗೆ ಬಂದರು. ಅವರ ಕೈಯ ಶಕ್ತಿಯನ್ನು ಮೊದಲು ಗುರುತಿಸಿದವರು ಶಾಲೆಯ ಚಿತ್ರಕಲಾ ಶಿಕ್ಷಕರು. ಬಿ.ಎ. ಪದವಿಯ ರಾಜಮಾರ್ಗವನ್ನು ಬಿಟ್ಟು ಕಲಾಶಾಲೆಯನ್ನು ಸೇರುವಂತೆ ಹುರಿದುಂಬಿಸಿದವರೂ ಅವರೇ. ಆಗ ಮದ್ರಾಸಿನ ಸರಕಾರಿ ಕಲಾಶಾಲೆಯ ಮುಖ್ಯಸ್ಥರಾಗಿದ್ದವರು ಶಿಲ್ಪಿ ದೇವಿಪ್ರಸಾದ ರಾಯ್ ಚೌಧುರಿ. ಮರೀನಾ ಕಡಲತೀರದ ‘ಶ್ರಮದ ವಿಜಯ’ ಶಿಲ್ಪದ ಕರ್ತೃ. ಅಲ್ಲಿ ಕಲಿತು ಹೊರಬಂದ ಶಂಕರ್ 1946ರಲ್ಲಿ ‘ಕಲೈಮಗಳ್’ ಎಂಬ ತಮಿಳು ಪತ್ರಿಕೆಯನ್ನೂ 1952ರಲ್ಲಿ ‘ಚಂದಮಾಮ’ವನ್ನೂ ಸೇರಿದರು. ಮುಂದಿನ ಆರು ದಶಕಗಳ ಕಾಲ ಅವರ ಹೆಸರಿಗೆ ಪತ್ರಿಕೆಯ ಹೆಸರೇ ವಿಶೇಷಣವಾಯಿತು.

ಎಲ್ಲರಿಗೂ ತಮ್ಮವರು

‘ಚಂದಮಾಮ’ವನ್ನು ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿಯವರು 1947ರ ಜುಲೈಯಲ್ಲಿ ತೆಲುಗು ಮತ್ತು ತಮಿಳುಗಳಲ್ಲಿ ಆರಂಭಿಸಿದರು. ಬೇಗನೆ ಕನ್ನಡವೂ ಆ ಸಾಲಿಗೆ ಸೇರಿತು. 1952ರಲ್ಲಿ ಮರಾಠಿಯ ‘ಚಾಂದೋಬಾ’ ಬಂದಿತು. ಕೊಡವಟಿಗಂಟಿ ಕುಟುಂಬರಾವ್ ಅವರು ತೆಲುಗಿನಲ್ಲಿ ಸಿದ್ಧಪಡಿಸುತ್ತಿದ್ದ ಕಥೆಗಳು ಉಳಿದ ಭಾಷೆಗಳಿಗೆ ಅನುವಾದವಾಗುತ್ತಿದ್ದವು. ಚಿತ್ರಕ್ಕೆ ಮಾತ್ರ ಅನುವಾದದ ಅಗತ್ಯವಿರಲಿಲ್ಲ.

ಇದರಿಂದ ಚಿತ್ರಕಾರನ ಮೇಲೆ ಬೀಳುವ ಹೊಣೆಯನ್ನು ಊಹಿಸಬೇಕು. ಅವನು ಬರೆಯುವ ಹಳ್ಳಿ ಬೆಳಗಾವಿಯ ಮಗುವಿಗೂ ಬೆಜವಾಡದ ಮಗುವಿಗೂ ತನ್ನದೇ ಹಳ್ಳಿಯೆನಿಸಬೇಕು. ಮುದುಕಿಯ ಸೀರೆಯ ಉಡಿಗೆ, ರಾಜನ ಕಿರೀಟ, ಬಾವಿಯ ರಾಟೆ, ಮರದ ಕೆಳಗಿನ ಕಟ್ಟೆ ಇವುಗಳಲ್ಲಿ ಯಾವುದೂ ಒಂದೇ ಪ್ರಾಂತದ ಗುರುತಾಗಿ ನಿಂತು ಉಳಿದವರನ್ನು ಹೊರಗಿಡಬಾರದು. ಹಾಗೆಂದು ಎಲ್ಲಿಗೂ ಸೇರದ ಸಪ್ಪೆ ಚಿತ್ರವೂ ಆಗಬಾರದು. ಮರಾಠಿ ಮತ್ತು ಕನ್ನಡ ಎರಡೂ ನಡೆಯುವ ಗಡಿನಾಡಿನ ಮನೆಯಲ್ಲಿ ‘ಚಾಂದೋಬಾ’ ಮತ್ತು ‘ಚಂದಮಾಮ’ಗಳನ್ನು ಅಕ್ಕಪಕ್ಕದಲ್ಲಿ ತೆರೆದಿಟ್ಟರೆ ಇದು ಸ್ಪಷ್ಟವಾಗುತ್ತದೆ. ಮಾತು ಎರಡು ಹೊಳೆಗಳಾಗಿ ಹರಿಯುವಾಗ ಚಿತ್ರ ಎರಡಕ್ಕೂ ಒಂದೇ ದಡವಾಗಿ ನಿಂತಿರುತ್ತದೆ. ‘ಶಂಕರ್’ ಎಂಬ ಹೆಸರೂ ಹಾಗೆಯೇ. ಕನ್ನಡಿಗರಿಗೆ ಅವರು ಕನ್ನಡಿಗರಂತೆ, ಮರಾಠಿಗರಿಗೆ ಮರಾಠಿಗರಂತೆ ತೋರಿದ್ದರೆ ಆಶ್ಚರ್ಯವಿಲ್ಲ. ಯಾವ ಭಾಷೆಯಲ್ಲಿಯೂ ಪರಕೀಯವೆನಿಸದ ಹೆಸರದು.

ಬೇತಾಳದ ಚಿತ್ರವನ್ನು ಕಥೆಯೊಡನೆ ಇಟ್ಟು ಓದಿದರೆ ಅವರ ವಿವೇಕ ತಿಳಿಯುತ್ತದೆ. ಸೋಮದೇವನ ‘ಕಥಾಸರಿತ್ಸಾಗರ’ದಲ್ಲಿ ಸೇರಿರುವ ಬೇತಾಳ ಕಥೆಗಳು ಇಪ್ಪತ್ತೈದು ಮಾತ್ರ. ‘ಚಂದಮಾಮ’ ಆ ಚೌಕಟ್ಟನ್ನು ಉಳಿಸಿಕೊಂಡು ಹೊಸ ಕಥೆಗಳನ್ನು ದಶಕಗಳ ಕಾಲ ಕಟ್ಟುತ್ತ ಹೋಯಿತು. ಉತ್ತರ ತಿಳಿದೂ ಹೇಳದಿದ್ದರೆ ರಾಜನ ತಲೆ ಸಿಡಿಯುತ್ತದೆ. ಹೇಳಿದರೆ ಮೌನಭಂಗವಾಗಿ ಬೇತಾಳ ಮರಕ್ಕೆ ಮರಳುತ್ತದೆ. ಅಂದರೆ ಪ್ರತಿಯೊಂದು ಕಥೆಯೂ ರಾಜನ ಸೋಲಿನಲ್ಲಿ ಮುಗಿಯುತ್ತದೆ. ಶಂಕರ್ ಅವರ ಚಿತ್ರವಾದರೋ ಆ ಸೋಲನ್ನು ತೋರಿಸುವುದಿಲ್ಲ. ಶವ ಹೆಗಲ ಮೇಲಿದೆ, ದಾರಿ ಮುಂದಿದೆ, ರಾಜ ನಡೆಯುತ್ತಿದ್ದಾನೆ. ಕಥೆಯ ತಲೆಯಲ್ಲಿ ಅದು ನಿಲ್ಲುವುದರಿಂದ, ಕಳೆದ ತಿಂಗಳು ಸೋತವನು ಈ ತಿಂಗಳು ಮತ್ತೆ ಹೊರಟಿರುವುದನ್ನು ಓದುಗನು ಮೊದಲು ಕಾಣುತ್ತಾನೆ. ಪಟ್ಟು ಬಿಡದ ವಿಕ್ರಮನ ಸ್ವಭಾವವನ್ನು ಒಂದು ವಾಕ್ಯವೂ ಇಲ್ಲದೆ ಮಗುವಿಗೆ ತಿಳಿಸಿದ್ದು ಆ ಚಿತ್ರ.

ಭೇಟಿ ಎಂದರೇನು

ಆ ಕಾಲದ ಓದುಗನಿಗೆ ಇಂಥ ಕಲಾವಿದರನ್ನು ಕಾಣುವ ದಾರಿಗಳು ಕೆಲವೇ ಇದ್ದವು. ಪತ್ರಿಕೆಯ ಕಚೇರಿ ಮದ್ರಾಸಿನ ವಡಪಳನಿಯಲ್ಲಿ. ಓದುಗ ಹಾವೇರಿಯಲ್ಲೋ ಹಾಸನದಲ್ಲೋ. ‘ಚಂದಮಾಮ’ದ ಇನ್ನೊಬ್ಬ ಹಿರಿಯ ಚಿತ್ರಕಾರರಾದ ಕನ್ನಡಿಗ ಎಂ. ಟಿ. ವಿ. ಆಚಾರ್ಯರು ಮುಂದೆ ಬೆಂಗಳೂರಿನಲ್ಲಿ ಅಂಚೆಯ ಮೂಲಕ ಚಿತ್ರಕಲೆಯನ್ನು ಕಲಿಸುವ ಶಾಲೆಯನ್ನು ನಡೆಸಿದರು. ಮೆಚ್ಚಿದ ಕಲಾವಿದನ ಬಳಿ, ಮುಖ ಕಾಣದೆಯೇ, ಗೆರೆಯ ತಪ್ಪು ತಿದ್ದಿಸಿಕೊಳ್ಳುವ ಅವಕಾಶವದು. ಅದೂ ಒಂದು ಭೇಟಿಯೇ. ಮುಖಾಮುಖಿ ಭೇಟಿಗಿಂತ ಹೆಚ್ಚು ಫಲ ಕೊಡಬಲ್ಲ ಭೇಟಿ.

ಇಂದು ಪರಿಸ್ಥಿತಿ ಬದಲಾಗಿದೆ. 2011ರಲ್ಲಿ ದೆಹಲಿಯಲ್ಲಿ ಆರಂಭವಾದ ಕಾಮಿಕ್ ಕಾನ್ ಮೇಳ ಮರುವರ್ಷವೇ ಬೆಂಗಳೂರಿಗೂ ಬಂದಿತು. ಅಲ್ಲಿ ಕಲಾವಿದರು ಮೇಜಿನ ಹಿಂದೆ ಕುಳಿತಿರುತ್ತಾರೆ, ಓದುಗರು ಸಾಲಿನಲ್ಲಿ ನಿಂತಿರುತ್ತಾರೆ. ಬೆಂಗಳೂರಿನ ಟ್ರಿನಿಟಿ ವೃತ್ತದ ಸಮೀಪದ ಭಾರತೀಯ ವ್ಯಂಗ್ಯಚಿತ್ರ ಗ್ಯಾಲರಿಯ ಪ್ರದರ್ಶನಗಳಲ್ಲಿ ಇನ್ನಷ್ಟು ನೆಮ್ಮದಿಯಿಂದ ಮೂಲ ರೇಖೆಗಳನ್ನು ನೋಡಬಹುದು. ಅವಕಾಶ ಹೆಚ್ಚಿದಂತೆ ಒಂದು ಅಪಾಯವೂ ಹೆಚ್ಚಿದೆ: ಹಸ್ತಾಕ್ಷರ ಪಡೆದು, ಫೋಟೋ ತೆಗೆಸಿಕೊಂಡರೆ ಭೇಟಿ ಮುಗಿಯಿತೆಂದು ಭಾವಿಸುವ ಅಪಾಯ. ಶಂಕರ್ ಅವರ ಹಸ್ತಾಕ್ಷರವಾದರೋ ಯಾರೂ ಕೇಳದೆಯೇ ತಿಂಗಳು ತಿಂಗಳೂ ಮನೆಬಾಗಿಲಿಗೆ ಬರುತ್ತಿತ್ತು. ಅದನ್ನು ಓದಿದವರು ಮಾತ್ರ ವಿರಳ.

ಮೆಚ್ಚಿದವರನ್ನು ಎದುರಿಗೆ ಕಂಡಾಗ ಕೆಲವೊಮ್ಮೆ ನಿರಾಶೆಯಾಗುವುದುಂಟು. ರಾಜರನ್ನೂ ರಾಕ್ಷಸರನ್ನೂ ಬರೆದವರು ರಾಜರಂತೆ ಇರುವುದಿಲ್ಲ. ಶಂಕರ್ ಅವರದು ತಿಂಗಳ ಸಂಬಳದ ಕೆಲಸ. ಸಂಚಿಕೆ ತಡವಾಗುವಂತಿಲ್ಲ, ಸ್ಫೂರ್ತಿ ಬರುವವರೆಗೆ ಕಾಯುವಂತಿಲ್ಲ. ‘ಚಂದಮಾಮ’ದ ಪುಟಪುಟದಲ್ಲೂ ಚಿತ್ರವಿರಬೇಕಾದ್ದರಿಂದ ಕೈಗೆ ಬಿಡುವೆಂಬುದಿರಲಿಲ್ಲ. ಅದ್ಭುತಲೋಕವೊಂದು ಕಚೇರಿಯ ಮೇಜಿನ ಮೇಲೆ, ಗಡಿಯಾರದ ಕೆಳಗೆ ಹುಟ್ಟಿತೆಂಬುದನ್ನು ತಿಳಿದಾಗ ಅದ್ಭುತ ಕಡಿಮೆಯಾಗುವುದಿಲ್ಲ. ದುಡಿಮೆಯ ಮೇಲಿನ ಗೌರವ ಹೆಚ್ಚುತ್ತದೆ. ಕಲಾವಿದನ ಭೇಟಿಯಿಂದ ವಿದ್ಯಾರ್ಥಿ ಪಡೆಯಬೇಕಾದ ಮುಖ್ಯ ಲಾಭ ಇದೇ.

ತಡವಾದ ಮನ್ನಣೆ

ಶಂಕರ್ 2020ರ ಸೆಪ್ಟೆಂಬರಿನಲ್ಲಿ ಚೆನ್ನೈಯಲ್ಲಿ ತೀರಿಕೊಂಡರು. ತೊಂಬತ್ತಾರು ವರ್ಷಗಳ ದೀರ್ಘಾಯುಸ್ಸು ಅವರದು. ಭಾರತ ಸರಕಾರ ಅವರಿಗೆ ಪದ್ಮಶ್ರೀ ಘೋಷಿಸಿದ್ದು 2021ರ ಜನವರಿಯಲ್ಲಿ, ಮರಣೋತ್ತರವಾಗಿ. ಆರು ದಶಕಗಳ ದುಡಿಮೆಗೆ ಗೌರವ ಬರುವಾಗ, ಅದನ್ನು ಪಡೆಯಬೇಕಾದ ಕೈ ಇಲ್ಲವಾಗಿ ನಾಲ್ಕು ತಿಂಗಳಾಗಿತ್ತು.

ಇದಕ್ಕೆ ಸರಕಾರವೊಂದನ್ನೇ ದೂರುವುದು ಸುಲಭ. ಆದರೆ ಮುಪ್ಪಿನಲ್ಲಿದ್ದ ಅವರನ್ನು ಕಂಡು ಮಾತನಾಡಲು ಓದುಗರಿಗೆ ವರ್ಷಗಳೇ ಇದ್ದವು. ಕೆಲವು ಪತ್ರಕರ್ತರೂ ಅಭಿಮಾನಿಗಳೂ ಹೋಗಿ ಮಾತನಾಡಿಸಿದ್ದರಿಂದಲೇ ಅವರ ಬಾಲ್ಯದ, ಕಲಿಕೆಯ ವಿವರಗಳು ಇಂದು ನಮಗೆ ದೊರೆಯುತ್ತಿವೆ. ಕನ್ನಡದ ಓದಿಗೆ ಅವರು ಕೊಟ್ಟದ್ದೇನೆಂಬುದನ್ನು ಕನ್ನಡದ ವಿದ್ಯಾರ್ಥಿಗಳೇ ವಿಚಾರಿಸಿ ದಾಖಲಿಸಿದ್ದರೆ ನಮ್ಮ ಮಕ್ಕಳ ಸಾಹಿತ್ಯದ ಚರಿತ್ರೆಗೆ ಒಂದು ಅಧ್ಯಾಯ ಸೇರುತ್ತಿತ್ತು. ಆ ಕಾಲ ಮೀರಿತು. ಆದರೆ ಪಠ್ಯಪುಸ್ತಕಗಳಿಗೆ, ವಾರಪತ್ರಿಕೆಗಳ ಕಥೆಗಳಿಗೆ, ಮಕ್ಕಳ ಮಾಸಿಕಗಳಿಗೆ ಚಿತ್ರ ಬರೆದ ಹಿರಿಯರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಅವರ ಪಾಲಿಗೆ ಕಾಲ ಮೀರಿಲ್ಲ.

ಅಂಥವರನ್ನು ಕಾಣಹೋಗುವ ವಿದ್ಯಾರ್ಥಿ ಮೊದಲು ಅವರ ಚಿತ್ರಗಳನ್ನು ಸಂಗ್ರಹಿಸಿ, ಸಹಿ ಮತ್ತು ವರ್ಷಗಳನ್ನು ಗುರುತಿಸಿಕೊಂಡಿರಬೇಕು. ‘ಈ ಚಿತ್ರ ಹೇಗೆ ಹೊಳೆಯಿತು?’ ಎಂಬ ಪ್ರಶ್ನೆಗೆ ಉತ್ತರ ಕಷ್ಟ. ‘ಕಥೆ ನಿಮ್ಮ ಕೈಗೆ ಬಂದ ಮೇಲೆ ಎಷ್ಟು ದಿನ ಸಿಗುತ್ತಿತ್ತು? ಯಾವ ಸನ್ನಿವೇಶವನ್ನು ಬರೆಯಬೇಕೆಂದು ಯಾರು ನಿರ್ಧರಿಸುತ್ತಿದ್ದರು? ಕುಂಚ ಯಾವುದು, ಶಾಯಿ ಯಾವುದು? ಮೂಲಚಿತ್ರ ನಿಮಗೆ ಮರಳಿ ಬರುತ್ತಿತ್ತೇ?’ ಎಂದು ಕೇಳಿದರೆ ಮಾತು ತಾನಾಗಿ ಬಿಚ್ಚಿಕೊಳ್ಳುತ್ತದೆ. ಒಪ್ಪಿಗೆ ಪಡೆದು ಧ್ವನಿಮುದ್ರಿಸಬೇಕು. ವಯಸ್ಸಾದವರ ದಣಿವನ್ನು ಅರಿತು ಬೇಗ ಏಳಬೇಕು. ಬರೆದುದನ್ನು ಅಚ್ಚಿಗೆ ಕೊಡುವ ಮೊದಲು ಅವರಿಗೆ ಓದಿ ಹೇಳಬೇಕು.

ಕೊಯಮತ್ತೂರಿನ ಕಡೆಗೆ ಪ್ರವಾಸ ಹೋಗುವವರು ಪೇರೂರಿನ ಪಟ್ಟೀಶ್ವರ ದೇವಾಲಯದ ಕನಕಸಭೆಯ ಕಂಬಗಳ ಮುಂದೆ ತುಸು ಹೊತ್ತು ನಿಲ್ಲುವುದು ಒಳ್ಳೆಯದು. ಅಲ್ಲಿಯ ವೀರಭದ್ರನ ನಿಲುವು, ಒಡವೆ, ಎತ್ತಿದ ಆಯುಧಗಳನ್ನು ನೋಡಿದವರಿಗೆ ‘ಚಂದಮಾಮ’ದ ವೀರರು ನೆನಪಾಗಬಹುದು. ಅದರಿಂದ ಪ್ರಭಾವವೊಂದು ಸಿದ್ಧವಾಗುವುದಿಲ್ಲ. ಅವರ ಚಿತ್ರಗಳು ಯಾವ ಬಗೆಯ ನೋಟದ ಪರಂಪರೆಗೆ ಸೇರಿದವು ಎಂಬುದು ಮಾತ್ರ ತಿಳಿಯುತ್ತದೆ. ಮುಂದೆ ಪೂರ್ವಕ್ಕೆ, ಧಾರಾಪುರಂ ಕಡೆಯ ಬಯಲಿನಲ್ಲಿ ಸಾಗುವಾಗ, ಕನ್ನಡದ ಮಕ್ಕಳಿಗೆ ವಿಕ್ರಮನನ್ನು ತೋರಿಸಿಕೊಟ್ಟ ಕಣ್ಣು ಮೊದಲು ಲೋಕವನ್ನು ಕಂಡದ್ದು ಇಲ್ಲಿ ಎಂದು ನೆನೆದರೆ ಸಾಕು.

ಅಭ್ಯಾಸ

1. ಮನೆಯಲ್ಲಿಯೋ ಗ್ರಂಥಾಲಯದಲ್ಲಿಯೋ ಇರುವ ಹಳೆಯ ಮಕ್ಕಳ ಪತ್ರಿಕೆಯ ಒಂದು ಸಂಚಿಕೆಯನ್ನು ತೆಗೆದುಕೊಂಡು, ಅದರಲ್ಲಿರುವ ಚಿತ್ರಕಾರರ ಸಹಿಗಳನ್ನೆಲ್ಲ ಪಟ್ಟಿಮಾಡಿರಿ.

2. ಒಂದು ಕಥೆಯ ಯಾವ ಕ್ಷಣವನ್ನು ಚಿತ್ರಕಾರರು ಆಯ್ದುಕೊಂಡಿದ್ದಾರೆ, ಯಾವುದನ್ನು ಬಿಟ್ಟಿದ್ದಾರೆ ಎಂಬುದನ್ನು ಒಂದು ಪುಟದಲ್ಲಿ ಬರೆಯಿರಿ.

3. ನಿಮ್ಮ ಊರಿನಲ್ಲಿರುವ ಒಬ್ಬ ಹಿರಿಯ ಚಿತ್ರಕಾರರನ್ನು ಈ ವರ್ಷದೊಳಗೆ ಭೇಟಿಯಾಗಿ, ಅವರ ಕೆಲಸದ ವಿವರಗಳನ್ನು ದಾಖಲಿಸಿರಿ. ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಬೇಡಿರಿ.